ಬಿಟ್ಟುಹೋದ ಸೊನ್ನೆ

ಅರಸೀಕೆರೆ
ಸೋಮವಾರ

ದೇವರಾಜ್ ಮೇಷ್ಟ್ರಿಗೆ, ಶಾಂತಾದೇವಿ ಮಾಡುವ ನಮಸ್ಕಾರ.

ಕವರಿನ ಹಿಂದೆ ನನ್ನ ಹೆಸರು ನೋಡಿ ನೀವು ಇದನ್ನು ಒಡೆಯದೆ ಪಕ್ಕಕ್ಕಿಟ್ಟರೂ ಇಡಬಹುದು. ದಮ್ಮಯ್ಯ, ಹಾಗೆ ಮಾಡಬೇಡಿ. ನಿಮ್ಮ ನಂಬರು ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲೇ ಇದೆ, ಫೋನ್ ಮಾಡಬಹುದಿತ್ತು. ಆದರೆ ನಾನು ಬಾಯಲ್ಲಿ ಹೇಳಲು ಹೋದರೆ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ನನ್ನ ಗಂಟಲೇ ಹಾಗೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾವು ಮೊದಲ ಸಲ ಭೇಟಿಯಾದ ಬೇಲೂರಿನ ತರಬೇತಿಯಲ್ಲಿ, ಮೊದಲ ದಿನವೇ ನೀವು, "ಮೇಡಂ, ನಾನು ಪಕ್ಕದಲ್ಲೇ ಕೂತಿದೀನಿ, ಆ ಗುಡ್ಡದ ಮೇಲಿಲ್ಲ" ಎಂದಿದ್ದಿರಿ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇದನ್ನು ನಿಮ್ಮ ಮನೆಯವರೂ ಓದಲಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಹೋದ ವಾರ ಹತ್ತನೇ ತರಗತಿಗೆ ಪರೀಕ್ಷೆಯ ಮುಂಚಿನ ಪುನರಾವರ್ತನೆ ಮಾಡುತ್ತಿದ್ದೆ. ಮೇಘಶ್ರೀ ಎಂಬ ಹುಡುಗಿಯನ್ನು ಬೋರ್ಡಿಗೆ ಕರೆದೆ. ಜಾಣೆ, ಆದರೆ ಅವಸರದವಳು. 5x² = 10x ಎಂದು ಕೊಟ್ಟೆ. ಅವಳು ಎರಡೂ ಕಡೆಯಿಂದ ಒಂದೊಂದು ಎಕ್ಸನ್ನು ಚಾಕ್‌ಪೀಸಿನಲ್ಲಿ ಹೊಡೆದು, ಐದು ಎಕ್ಸ್ ಅಂದರೆ ಹತ್ತು, ಎಕ್ಸ್ ಅಂದರೆ ಎರಡು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೈ ಒರೆಸಿಕೊಂಡು ನಿಂತಳು. "ಸೊನ್ನೆ ಎಲ್ಲೇ ಹೋಯ್ತು?" ಎಂದು ಕೇಳಿದೆ. "ಯಾವ ಸೊನ್ನೆ ಮಿಸ್? ಎರಡೂ ಕಡೆ ಎಕ್ಸ್ ಐತಲ್ಲ, ಹೊಡ್ದಾಕ್ದೆ" ಎಂದಳು.

ನಾನು ಎಂದಿನಂತೆ ಶುರು ಹಚ್ಚಿಕೊಂಡೆ. "ಎಕ್ಸ್ ಜಾಗದಲ್ಲಿ ಸೊನ್ನೆ ಹಾಕಿ ನೋಡು. ಈ ಕಡೆ ಸೊನ್ನೆ, ಆ ಕಡೆ ಸೊನ್ನೆ. ತಾಳೆ ಬಂತಾ? ಅಂದ್ಮೇಲೆ ಅದೂ ಉತ್ತರಾನೇ. ಎಕ್ಸಿಂದ ಭಾಗಿಸ್ಬೇಕಾದ್ರೆ ಅದು ಸೊನ್ನೆ ಅಲ್ಲ ಅಂತ ನಿನಗೆ ಗೊತ್ತಿರಬೇಕು. ಗೊತ್ತಿಲ್ದೆ ಹೊಡ್ದಾಕಿದ್ರೆ ಒಂದು ಉತ್ತರಾನೂ ಅದರ ಜತೇಲೇ ಹೋಯ್ತು. ಎರಡು ಉತ್ತರ ಇರೋ ಲೆಕ್ಕದಲ್ಲಿ ಒಂದೇ ಸಿಕ್ಕಿದ್ರೆ ಇನ್ನೊಂದೆಲ್ಲಿ ಅಂತ ಕೇಳ್ಕೋಬೇಡ್ವೇನೇ ಕತ್ತೆ?" ಇಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದೆ. ಬೋರ್ಡಿನ ಮೇಲಿದ್ದ ಸಮೀಕರಣ ಹೋಗಿ ನಿಮ್ಮದು ಕಾಣಿಸಿತು. ನೀವು ನನಗೆ ಕೊನೆಯದಾಗಿ ಕಳಿಸಿದ್ದು. ಮಕ್ಕಳು "ಮಿಸ್, ಮಿಸ್" ಎನ್ನುತ್ತಿದ್ದರು. ಮೇಘಶ್ರೀಗೆ ಕೂತುಕೋ ಎಂದು ಹೇಳಿ ನಾನೂ ಕುರ್ಚಿಯಲ್ಲಿ ಕೂತುಬಿಟ್ಟೆ.

ನಿಮಗೆ ಎಲ್ಲವೂ ನೆನಪಿರುತ್ತದೆ. ಆದರೂ ನಾನು ಮೊದಲಿಂದ ಹೇಳುತ್ತೇನೆ. ಇಷ್ಟು ವರ್ಷ ಇದನ್ನು ನನ್ನೊಳಗೇ ಬೇರೆ ಥರ ಹೇಳಿಕೊಂಡು ಬಂದಿದ್ದೇನೆ, ಒಮ್ಮೆಯಾದರೂ ಸರಿಯಾಗಿ ಹೇಳಬೇಕು.

ಆಗ ನೀವು ಮಾದಿಹಳ್ಳಿ ಶಾಲೆಯಲ್ಲಿ, ನಾನು ಜಾವಗಲ್ಲಿನಲ್ಲಿ. ಮೊಬೈಲು ಎಂಬುದು ನಮ್ಮಂಥವರ ಕೈಗೆ ಬಂದಿರಲಿಲ್ಲ. ಶಾಲೆಯ ಫೋನು ಹೆಡ್ಮಾಸ್ಟರ ಮೇಜಿನ ಮೇಲೆ, ಮನೆಯ ಫೋನು ನಮ್ಮಪ್ಪನ ಕೊಬ್ಬರಿ ಮಂಡಿಯ ಗಲ್ಲಾಪೆಟ್ಟಿಗೆ ಪಕ್ಕ. ಹಳೇಬೀಡಿನಿಂದ ನಮ್ಮ ಶಾಲೆಗೆ ದಿನಾ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಚಿಕ್ಕಣ್ಣನ ಕೈಯಲ್ಲಿ ನೀವು ಚೀಟಿ ಕಳಿಸುತ್ತಿದ್ದಿರಿ. ಚೀಟಿಯಲ್ಲಿ ಒಂದು ವರ್ಗ ಸಮೀಕರಣ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಚಿಕ್ಕಣ್ಣ ದಾರಿಯಲ್ಲೇ ಬಿಡಿಸಿ ನೋಡಿ, "ಏನ್ ಜನಾನ್ರೀ ನೀವು, ಇಬ್ರೂ ಲೆಕ್ಕ ಮಾಡ್ಕಂಡೇ ಸಾಯ್ತೀರಾ" ಎಂದು ಮೂಗು ಮುರಿದು ಕೊಡುತ್ತಿದ್ದ.

ಪಾಪ, ಅವನಿಗೇನು ಗೊತ್ತು. ಉಪಾಯ ನಿಮ್ಮದೇ. ಪ್ರಶ್ನೆಪತ್ರಿಕೆ ಮಾಡುವವರು ಮೊದಲು ಉತ್ತರ ಆರಿಸಿಕೊಂಡು ಆಮೇಲೆ ಅದಕ್ಕೆ ತಕ್ಕ ಸಮೀಕರಣ ಕಟ್ಟುತ್ತಾರಲ್ಲ, ಹಾಗೆ. ಭಾನುವಾರ ಸೊನ್ನೆ, ಸೋಮವಾರ ಒಂದು, ಹೀಗೇ ಶನಿವಾರ ಆರು. ಎರಡು ಮೂಲಗಳಲ್ಲಿ ಚಿಕ್ಕದು ವಾರ, ದೊಡ್ಡದು ಗಂಟೆ. x² − 8x + 15 = 0 ಬಂದರೆ ಮೂರು ಮತ್ತು ಐದು, ಬುಧವಾರ ಸಂಜೆ ಐದಕ್ಕೆ. ಜಾಗ ಯಾವಾಗಲೂ ಹಳೇಬೀಡು ಕೆರೆ ಏರಿ. ಎರಡೂ ಮೂಲ ಒಂದೇ ಆದರೆ ವಾರವೂ ಅದೇ, ಗಂಟೆಯೂ ಅದೇ. ಶನಿವಾರ ನಾಲ್ಕಕ್ಕೆ ಎಂದು ಬರೆಯಲು ನಮ್ಮ ವಿಧಾನದಲ್ಲಿ ಬರುತ್ತಲೇ ಇರಲಿಲ್ಲ. "ಎಂಥ ದರಿದ್ರ ಪದ್ಧತಿ ಮಾಡಿದೀರ" ಎಂದು ನಾನು ಬೈದರೆ, "ಶನಿವಾರ ಆರಕ್ಕೆ ಬನ್ನಿ, ಯಾರ್ ಬ್ಯಾಡ ಅಂದ್ರು" ಎಂದು ನಗುತ್ತಿದ್ದಿರಿ.

ಮನೆಯಲ್ಲಿ ವಿಶೇಷ ತರಗತಿ ಎಂದು ಹೇಳಿ ಬರುತ್ತಿದ್ದೆ. ದೇವಸ್ಥಾನ ನೋಡಲು ಬಂದ ಜನರ ನಡುವೆ ಇಬ್ಬರು ಮೇಷ್ಟ್ರುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾವು ಮಾತಾಡಿದ್ದಾದರೂ ಏನು? ಯಾವ ಹುಡುಗ ಸೂತ್ರದಲ್ಲಿ ಮೈನಸ್ ಬಿಟ್ಟ, ಯಾರು ಉತ್ತರ ಮೊದಲೇ ನೋಡಿಕೊಂಡು ಲೆಕ್ಕವನ್ನು ಅಲ್ಲಿಗೆ ಎಳೆದುಕೊಂಡು ಹೋದ. ನೀವು ಕಡಲೆಕಾಯಿ ಸುಲಿದು ನನ್ನ ಕಡೆ ಸರಿಸುತ್ತಿದ್ದಿರಿ, ನಾನು ಮಾತಿನ ಭರದಲ್ಲಿ ಎಲ್ಲ ತಿಂದು ಮುಗಿಸುತ್ತಿದ್ದೆ. ಅಷ್ಟು ಸುಖವಾಗಿ ನಾನು ಆಮೇಲೆ ಯಾರೊಂದಿಗೂ ಲೆಕ್ಕದ ಮಾತಾಡಿಲ್ಲ ಮೇಷ್ಟ್ರೇ.

ನಮ್ಮ ಮನೆಯ ಪಡಸಾಲೆಯಲ್ಲಿ ಮಠದ ಸ್ವಾಮಿಗಳ ಪಟ, ನಿಮ್ಮ ಹಗರೆಯ ಮನೆಯಲ್ಲಿ ಬುದ್ಧನ ಪಟ. ಜಾತಿಯ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ, ಕೊನೆಯ ಬುಧವಾರದವರೆಗೆ. ಆ ದಿನ ನಾನೇ ಹೇಳಿದೆ, ಮುಂದಿನ ಶುಕ್ರವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದು. ನೀವು ಮಡಿಲಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನು ನೀರಿಗೆ ಕೊಡವಿದಿರಿ. ಆಮೇಲೆ ನೀವು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ನಾನು ಚೀಟಿ ಕಳಿಸ್ತೀನಿ ಮೇಡಂ. ನೀವು ಬಂದ್ರೆ ಮುಂದಿನ ಮಾತು. ಬರದಿದ್ರೆ ಯಾಕೆ ಅಂತ ನಾನು ಕೇಳಲ್ಲ, ನಿಮ್ಮ ದಾರೀಗೆ ಅಡ್ಡ ಬರಲ್ಲ. ನಿಮ್ಮನೇಲಿ ಏನೇನಾಗುತ್ತೆ ಅಂತ ನನಗೆ ಗೊತ್ತೈತೆ. ಬಲವಂತ ಮಾಡಿ ಕರ್ಕೊಂಡೋದ ಅಂತ ನಾಳೆ ಯಾರೂ ಅನ್ಬಾರ್ದು." ನಾನು ಎದೆ ಸೆಟೆಸಿ, "ಬರದೆ ಏನು, ಚೀಟಿ ಕಳಿಸಿ ನೋಡಿ" ಎಂದೆ.

ಶನಿವಾರ ಬೆಳಗಿನ ಶಾಲೆ. ಚಿಕ್ಕಣ್ಣ ಚೀಟಿ ತಂದುಕೊಟ್ಟ. 3x² − 5x = 2x² − x. ನಾನು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೆಂಪು ಪೆನ್ನು ಹಿಡಿದು ಕೂತಿದ್ದೆ. ಎಲ್ಲ ಪದಗಳಲ್ಲೂ ಎಕ್ಸ್ ಇದೆ ಎಂದು ಕಂಡದ್ದೇ ತಡ, ಸರಸರನೆ ಹೊಡೆದುಹಾಕಿದೆ. ಮೂರು ಎಕ್ಸ್ ಕಳೆ ಐದು, ಎರಡು ಎಕ್ಸ್ ಕಳೆ ಒಂದು. ಎಕ್ಸ್ ಅಂದರೆ ನಾಲ್ಕು. ಒಂದೇ ಉತ್ತರ ಬಂತಲ್ಲ, ಎರಡೂ ಮೂಲ ಒಂದೇ ಇರಬೇಕು ಎಂದುಕೊಂಡೆ. ವಾರ ನಾಲ್ಕು, ಗಂಟೆ ನಾಲ್ಕು. ಗುರುವಾರ.

ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ವರ್ಷ ವರ್ಷ ಮಕ್ಕಳಿಗೆ ಬಡಕೊಳ್ಳುವ ತಪ್ಪು. ನೀವು ಬರೆದದ್ದು ಸೊನ್ನೆ ಮತ್ತು ನಾಲ್ಕು, ಮರುದಿನವೇ, ಭಾನುವಾರ ನಾಲ್ಕು ಗಂಟೆ. ಗುರುವಾರ ನಾಲ್ಕು ಎಂದರೆ ಶಾಲೆ ಬಿಡುವ ಮುಂಚೆ, ಅರ್ಧ ದಿನ ರಜೆ ಹಾಕಬೇಕು. ಅದಾದರೂ ಅನುಮಾನ ತರಬೇಕಿತ್ತು. ಅದು ಬಿಟ್ಟು, ರಜೆ ಹಾಕಿಸುವಷ್ಟು ದೊಡ್ಡ ಮಾತು ಇದೆ ಎಂದು ಹಿಗ್ಗಿದೆ. ಭಾನುವಾರ ನಾನು ಮನೆಯಿಂದ ಹೊರಡುವುದು ಕಷ್ಟ ಎಂದು ನೀವು ಯಾವತ್ತೂ ಭಾನುವಾರ ಕರೆದಿರಲಿಲ್ಲ. ನಮ್ಮ ಚೀಟಿಗಳಲ್ಲಿ ಸೊನ್ನೆ ಅದುವರೆಗೂ ಬಂದೇ ಇರಲಿಲ್ಲ. ಆ ಭಾನುವಾರ ನಾಲ್ಕು ಗಂಟೆಗೆ ನಾನು ಏನು ಮಾಡುತ್ತಿದ್ದೆ ಗೊತ್ತೇ? ತಲೆಗೆ ಎರೆದುಕೊಂಡು, ಗುರುವಾರಕ್ಕೆ ಯಾವ ಸೀರೆ ಉಡಲಿ ಎಂದು ಟ್ರಂಕಿನಲ್ಲಿದ್ದದ್ದನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದೆ.

ಗುರುವಾರ ಬಂದೆ ಮೇಷ್ಟ್ರೇ. ನೀಲಿ ಸೀರೆ ಉಟ್ಟುಕೊಂಡು ಬಂದೆ. ಕೊನೆಯ ಬಸ್ಸಿನ ತನಕ ಏರಿಯ ಮೇಲೆ ಕೂತಿದ್ದೆ. ಜಾವಗಲ್ ದಾಟುವವರೆಗೂ ಅಳು, ಆಮೇಲೆ ಬರೀ ಸಿಟ್ಟು. ಹೆದರಿಕೊಂಡ, ನಮ್ಮಪ್ಪನಿಗೆ ಹೆದರಿಕೊಂಡ ಹೇಡಿ ಎಂದು ಅರಸೀಕೆರೆ ಬರುವ ಹೊತ್ತಿಗೆ ತೀರ್ಮಾನ ಮಾಡಿಬಿಟ್ಟಿದ್ದೆ. ಮರುದಿನ ಈಗಿನ ನಮ್ಮ ಯಜಮಾನರು ಕಲ್ಲೇಶಪ್ಪನವರ ಕಡೆಯವರು ಬಂದರು. ಆಗಬಹುದು ಎಂದೆ. ಒಂದು ಚೀಟಿ ಬರೆದು ಯಾಕೆ ಬರಲಿಲ್ಲ ಎಂದು ಕೇಳಬಹುದಿತ್ತು. ಅವರೇ ಕೇಳಲ್ಲ ಎಂದ ಮೇಲೆ ನಾನ್ಯಾಕೆ ಕೇಳಲಿ ಎಂಬ ಜಂಬ ನನಗೆ.

ಆಮೇಲೆ ವರ್ಷಗಳು ಕಳೆದು ಅದೇ ಬೇಲೂರಿನಲ್ಲಿ ಇನ್ನೊಂದು ಕಾರ್ಯಾಗಾರದಲ್ಲಿ ಸಿಕ್ಕಿದಿರಿ. ನೀವು ಸಂಪನ್ಮೂಲ ವ್ಯಕ್ತಿ, ನಾನು ಮೂರನೇ ಸಾಲಿನಲ್ಲಿ. ಚಹಾ ಹೊತ್ತಿನಲ್ಲಿ ಎದುರಾದಾಗ ನಾನು ಸುಮ್ಮನೆ ಹೋಗಬಾರದಿತ್ತೇ? "ಕೆಲವರು ಪ್ರಶ್ನೆ ಹಾಕ್ತಾರೆ, ಉತ್ತರ ಕೇಳೋಕೆ ನಿಲ್ಲೋದೇ ಇಲ್ಲ" ಎಂದು ಕುಟುಕಿದೆ. ನೀವು ಲೋಟ ಕೆಳಗಿಟ್ಟು, "ಉತ್ತರ ಬಂತಲ್ಲ ಮೇಡಂ" ಎಂದಿರಿ, ಅಷ್ಟೇ. ಮಧ್ಯಾಹ್ನ ಪಾಠದಲ್ಲಿ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಲೆಕ್ಕದ ಪ್ರಕಾರ ಎರಡೂ ಉತ್ತರ ಸರಿ. ಆದ್ರೆ ಸಂದರ್ಭಕ್ಕೆ ಒಪ್ಪಲ್ಲ ಅಂತ ಒಂದನ್ನ ತಿರಸ್ಕರಿಸ್ತೀವಿ." ತಿರಸ್ಕರಿಸ್ತೀವಿ ಎನ್ನುವಾಗ ನೀವು ನನ್ನನ್ನು ನೋಡಿದಿರಿ. ಎಷ್ಟು ಧೈರ್ಯ ಈ ಮನುಷ್ಯನಿಗೆ, ತಪ್ಪೂ ತನ್ನದೇ, ಚುಚ್ಚುಮಾತೂ ತನ್ನದೇ ಎಂದು ಹಲ್ಲು ಕಡಿದೆ.

ಈಗ ಅರ್ಥವಾಗುತ್ತಿದೆ. ನಾನು ನಿಮ್ಮನ್ನು ಹೇಡಿ ಎಂದುಕೊಂಡ ಅಷ್ಟೂ ವರ್ಷ, ನೀವು ನನ್ನನ್ನು ಏನೆಂದುಕೊಂಡಿದ್ದಿರಿ ಎಂದು. ಜತೆಯಲ್ಲಿ ಕೂತು ಕಡಲೆಕಾಯಿ ತಿನ್ನಲು ಆಗುತ್ತದೆ, ಮನೆ ತುಂಬಲು ಆಗುವುದಿಲ್ಲ ಎಂದುಕೊಂಡವಳು. ನಿಮ್ಮ ಹುಟ್ಟು ನೋಡಿ ಹಿಂದೆ ಸರಿದವಳು. ಮದುವೆ ತಪ್ಪಿದ್ದಕ್ಕಿಂತ ನನಗೆ ಈಗ ಇದು ಹೆಚ್ಚು ಸುಡುತ್ತಿದೆ. ನಿಮಗೆ ಅಂಥ ಅವಮಾನ ಹಿಂದೆ ಎಷ್ಟು ಆಗಿತ್ತೋ, ಆ ಸಾಲಿನಲ್ಲಿ ನನ್ನ ಹೆಸರನ್ನೂ ಸೇರಿಸಿಕೊಂಡಿರಿ. ನಾನಾಗಿದ್ದರೂ ಸೇರಿಸುತ್ತಿದ್ದೆ.

ಯಜಮಾನರಿಗೆ ಹೇಳಿದೆ. ಮದುವೆಯಾದ ಹೊಸದರಲ್ಲೇ ನಿಮ್ಮ ವಿಷಯ ಅವರಿಗೆ ಹೇಳಿದ್ದೆ. ನಾನು ಕೋಪಿಸಿಕೊಂಡಾಗಲೆಲ್ಲ, "ಆ ಮೇಷ್ಟ್ರು ಬರ್ಲಿಲ್ಲ, ನಾನು ಸಿಕ್ಕಾಕ್ಕೊಂಡೆ" ಎಂದು ರೇಗಿಸುವುದು ಅವರ ಅಭ್ಯಾಸ. ಈ ಸಲ ಮಂಡಿಯಿಂದ ಬಂದು ಕಾಲು ತೊಳೆದು ಕೂತವರಿಗೆ ಸೊನ್ನೆಯ ಕಥೆ ಪೂರಾ ಹೇಳಿದೆ. ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ, "ಹಂಗಾದ್ರೆ ನಾನು ನಿನ್ನ ತಪ್ಪು ಲೆಕ್ಕದಾಗೆ ಬಂದೋನು ಅನ್ನು" ಎಂದರು. ನಗುತ್ತಾ ಹೇಳಲಿಲ್ಲ. ನಾನು ಲೋಟ ಎತ್ತಿಕೊಳ್ಳುವಾಗ ಅವರೇ, "ನನ್ನ ಚಿಂತೆ ಬಿಡು ಕಣೇ, ನಾವು ಬಾಳಿದ್ದಾಯ್ತು. ಆ ಮನುಷ್ಯ ಇಷ್ಟು ವರ್ಷ ಬೇರೆ ಏನೋ ಅಂದ್ಕೊಂಡವ್ರೆ. ಅದನ್ನ ಹಂಗೇ ಬಿಡ್ತೀಯಾ?" ಎಂದರು. ಒಳ್ಳೆಯ ಮನುಷ್ಯ. ಅವರ ಜತೆ ಬಾಳಿದ್ದಕ್ಕೆ ನನಗೆ ಬೇಸರವಿಲ್ಲ, ಇದನ್ನು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೂ ಅವರು ಮಲಗಲು ಎದ್ದುಹೋದ ಮೇಲೆ ಅತ್ತೆ.

ನಿನ್ನೆ ಭಾನುವಾರ. ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ನಾಲ್ಕು ಗಂಟೆಗೆ ಸರಿಯಾಗಿ ಕೆರೆ ಏರಿಗೆ ಬಂದೆ. ನೀವು ಇರುವುದಿಲ್ಲ ಎಂದು ಗೊತ್ತು, ನನಗೇನು ಹುಚ್ಚೇ? ಒಂದು ಸಲವಾದರೂ ಸರಿಯಾದ ದಿನ ಬರೋಣ ಎನಿಸಿತು. ನಾವು ಕೂರುತ್ತಿದ್ದ ಕಡೆ ಈಗ ಕಬ್ಬಿಣದ ಬೇಲಿ ಹಾಕಿದ್ದಾರೆ. ಅದರ ಪಕ್ಕದಲ್ಲಿ ಹೂವಿನ ಬೋರಮ್ಮ, ಆಗಲೂ ಅಲ್ಲೇ ಪುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳಲ್ಲ, ಅವಳೇ. ಹಣ್ಣಾಗಿದ್ದಾಳೆ, ಕೈ ಮಾತ್ರ ನೋಡದೆಯೇ ಕಟ್ಟುತ್ತದೆ. ನನ್ನ ಗುರುತು ಹತ್ತಲಿಲ್ಲ. "ಯಾರ್ಗ್ ಕಾಯ್ತಿದ್ದೀಯವ್ವ?" ಎಂದಳು. ಬಾಯಿಗೆ ಬಂದದ್ದು ನಿಮ್ಮ ಹೆಸರು. ದೇವರಾಜ್ ಮೇಷ್ಟ್ರು ಗೊತ್ತಾ ಎಂದೆ.

"ಹಗರೆ ರುದ್ರಮ್ಮನ ಮಗ ಅಲ್ವಾ? ಗೊತ್ತಿಲ್ದೆ ಏನು" ಎಂದಳು. ಆಮೇಲೆ ನಾನು ಕೇಳದೆಯೇ ಹೇಳಿದಳು. "ರುದ್ರಮ್ಮ ಪಾಪ, ಅಕ್ಕಿ ಮಿಲ್ಲಲ್ಲಿ ದುಡಿಯೋಳು, ಭಾನುವಾರ ಬಿಟ್ರೆ ಬಿಡುವೆಲ್ಲಿತ್ತು. ಒಂದು ಭಾನುವಾರ ಮಗನ ಜತೆ ಬಂದು ಇಲ್ಲೇ ಕೂತಿದ್ಲು. ನನ್ನತ್ರ ಒಂದು ಮಾರು ಮಲ್ಲಿಗೆ ತಗಂಡು, ಸೊಸೆ ಬತ್ತಾಳೆ ಕಣೇ ಬೋರಿ, ಟೀಚರ್ ಅಂತೆ, ಅಂದ್ಲು. ಮೊಗ್ಗೆಲ್ಲ ಬಿರಿಯೋಗಂಟ ಕಾದ್ರು. ಯಾರೂ ಬರ್ನಿಲ್ಲ. ಹೂವ ತಿರುಗಿ ನನ್ನ ಪುಟ್ಟೀಗೇ ಹಾಕಿದ್ಲು. ದುಡ್ಡು ತಗಳೇ ಅಂದ್ರೆ, ಬ್ಯಾಡ ಬಿಡು ಅಂತ ಎದ್ದೋದ್ಲು. ಆಮ್ಯಾಲೂ ಕಂಡಾಗೆಲ್ಲ ಅದೇ ಮಾತು. ನಾವು ಯಾವ ಜನ ಅಂತ ನೋಡಿ ಬರ್ನಿಲ್ಲ ಕಣೇ ಆ ಹುಡುಗಿ ಅಂತ. ಸಾಯೋಗಂಟ ಅಂದ್ಲು."

ಮೇಷ್ಟ್ರೇ, ನೀವು ಅವ್ವನನ್ನು ಕರೆದುಕೊಂಡು ಬಂದಿದ್ದಿರಿ. ಭಾನುವಾರವೇ ಯಾಕೆ ಎಂದು ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ, ಅದಕ್ಕಾ? ನಾನು ಬೇಲಿಯ ಕಂಬಿ ಹಿಡಿದು ನಿಂತೆ. ಆ ಹುಡುಗಿ ನಾನೇ ಎಂದೆ. ಬೋರಮ್ಮ ಕಟ್ಟುತ್ತಿದ್ದ ಕೈ ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. "ಅಯ್ಯೋ ನನ್ ತಾಯಿ, ಈಗ ಬಂದ್ಯಾ?" ಎಂದಳು.

ನಾನು ಬರಬೇಕೆಂದೇ ಇದ್ದೆ. ನೀವು ಯಾರು ಎಂದು ತಿಳಿದೇ ಬರಬೇಕೆಂದಿದ್ದೆ. ಮನೆಯಲ್ಲಿ ಏನಾದರೂ ಆಗಲಿ ಎಂದು ಗಟ್ಟಿ ಮಾಡಿಕೊಂಡೇ ಆ ನೀಲಿ ಸೀರೆ ಉಟ್ಟಿದ್ದೆ. ವಾರ ತಪ್ಪಿತು, ಮನಸ್ಸು ತಪ್ಪಿರಲಿಲ್ಲ. ರುದ್ರಮ್ಮನವರಿಗೆ ಇದನ್ನು ಹೇಳಲು ನನಗೆ ಇನ್ನು ಯಾವ ದಾರಿಯೂ ಇಲ್ಲ, ಅದೇ ಸಂಕಟ. ನಿಮಗಾದರೂ ಹೇಳುತ್ತಿದ್ದೇನೆ. ನಂಬಿಕೆ ಬಾರದಿದ್ದರೆ ನಿಮ್ಮ ಸಮೀಕರಣವನ್ನೇ ತೆಗೆದುಕೊಂಡು ನನ್ನ ಹಾಗೆ ಎಕ್ಸ್ ಹೊಡೆದುಹಾಕಿ ನೋಡಿ, ಎಲ್ಲಿಗೆ ಹೋಗಿ ನಿಲ್ಲುತ್ತೀರಿ ಎಂದು. ಇದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ. ನಿಮ್ಮ ಮನೆಯವರು, ಮಕ್ಕಳು ತಣ್ಣಗಿರಲಿ. ನಿಮ್ಮ ಎದೆಯಲ್ಲಿ ನನ್ನ ಹೆಸರಿನ ಮುಳ್ಳೊಂದು ಇದ್ದರೆ ಅದು ಇವತ್ತಿಗೆ ಕಿತ್ತುಬರಲಿ.

ಹೊರಡುವಾಗ ಬೋರಮ್ಮ ಒಂದು ಮಾರು ಮಲ್ಲಿಗೆ ಅಳೆದು ಕೈಗಿಟ್ಟಳು. ಪರ್ಸು ತೆಗೆದರೆ ನನ್ನ ಕೈ ತಳ್ಳಿದಳು. "ಮುಡ್ಕೋ. ಇದರ ದುಡ್ಡು ರುದ್ರಮ್ಮ ಆವತ್ತೇ ಕೊಟ್ಟವ್ಳೆ" ಎಂದಳು. ಅಲ್ಲೇ ನಿಂತು ಮುಡಿದುಕೊಂಡು ಅರಸೀಕೆರೆ ಬಸ್ಸು ಹತ್ತಿದೆ.

ಭಾನುವಾರ ನಾಲ್ಕಕ್ಕೆ ಬಂದು ಹೋದ,
ಶಾಂತಾದೇವಿ